ಚಿಕ್ಕಂದಿನಲ್ಲಿ ಎಡಿಎಚ್‌ಡಿ ಅಂದಿದ್ದರು, ಈಗ ಮಗ ಪೈಲಟ್ ಆಗಬೇಕು ಅಂತಾನೆ

ಪ್ರಶ್ನೆ: ನಾವು ಹಾಸನದ ಕಡೆಯವರು, ಅಮೆರಿಕದ ಟೆಕ್ಸಸ್‌ನಲ್ಲಿ ನೆಲೆಸಿದ್ದೇವೆ. ಮಗನಿಗೆ ಈಗ 19 ವರ್ಷ. ಮೂರನೇ ಕ್ಲಾಸಿನಲ್ಲಿದ್ದಾಗ ಟೀಚರ್ ದೂರು ಹೇಳಿದರು ಅಂತ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ ಅಂದರು, ಅದಕ್ಕೆ ಕಾನ್ಸರ್ಟಾ ಮಾತ್ರೆ ಶುರು ಮಾಡಿದರು. ಶಾಲೆಯಲ್ಲಿ ಪರೀಕ್ಷೆಗೆ ಹೆಚ್ಚು ಸಮಯವನ್ನೂ ಕೊಡುತ್ತಿದ್ದರು. 16 ತುಂಬಿದ ವರ್ಷ, ಬೇಸಿಗೆ ರಜೆಯಲ್ಲಿ, ಇನ್ನು ಬೇಡ ಅಂತ ಅವನೇ ಮಾತ್ರೆ ಬಿಟ್ಟ. ಆಮೇಲೂ ಚೆನ್ನಾಗಿಯೇ ಓದಿದ. ಈಗ ಕಾಲೇಜಿನಲ್ಲಿದ್ದಾನೆ, ಕಾರು ಓಡಿಸುತ್ತಾನೆ, ವಾರದಲ್ಲಿ ಮೂರು ದಿನ ಕೆಲಸವನ್ನೂ ಮಾಡುತ್ತಾನೆ. ಏರ್‌ಲೈನ್ ಪೈಲಟ್ ಆಗಬೇಕು ಅನ್ನುವುದು ಅವನ ಹಟ. ಫ್ಲೈಯಿಂಗ್ ಸ್ಕೂಲಿನವರು "ಮೊದಲು ಮೆಡಿಕಲ್ ಮಾಡಿಸಿಕೊಂಡು ಬನ್ನಿ" ಅಂದಿದ್ದಾರೆ. ಪರಿಚಯದ ಪೈಲಟ್ ಒಬ್ಬರು "ಹಳೇದನ್ನೆಲ್ಲ ಬರೆಯಬೇಡಿ, ಬರೆದರೆ ಕೊಡೋದೇ ಇಲ್ಲ" ಅಂದರು. ಇನ್ನೊಬ್ಬರು ಬೆಂಗಳೂರಿಗೆ ಹೋಗಿ ಮಾಡಿಸಿ ಅಂತಾರೆ. ಏನು ಮಾಡಬೇಕು?

ಉತ್ತರ: ಅರ್ಜಿಯನ್ನು ಈಗಲೇ ತುಂಬಬೇಡಿ. ನನ್ನ ಉತ್ತರದ ಮುಖ್ಯ ಮಾತು ಇದೇ. ಮಿಕ್ಕಿದ್ದೆಲ್ಲ ಇದರ ವಿವರಣೆ.

ಸ್ಕೂಲಿನವರು ಹೇಳಿದ್ದು ತಪ್ಪಲ್ಲ. ಹೆಚ್ಚಿನ ಹುಡುಗರಿಗೆ ಅದೇ ಸರಿಯಾದ ಸಲಹೆ. ತರಬೇತಿಗೆ ದುಡ್ಡು ಸುರಿದ ಮೇಲೆ ಕಣ್ಣೋ ಹೃದಯವೋ ಅಡ್ಡ ಬಂದರೆ ಸಂಕಟ, ಅದಕ್ಕೇ ಮೆಡಿಕಲ್ ಮೊದಲು ಅಂತಾರೆ. ನಿಮ್ಮ ಮಗನಿಗೆ ಮಾತ್ರ ಆ ಕ್ರಮ ಹೊಂದುವುದಿಲ್ಲ. ಅವನು ಇವತ್ತು ಹಾಕುವ ಅರ್ಜಿಗೂ ಒಂದು ವರ್ಷ ತಡೆದು ಹಾಕುವ ಅರ್ಜಿಗೂ ಅಜಗಜಾಂತರ ವ್ಯತ್ಯಾಸ ಇದೆ.

ಅಮೆರಿಕದಲ್ಲಿ ಪೈಲಟ್‌ಗಳಿಗೆ ಮೆಡಿಕಲ್ (ಹಾರಲು ಆರೋಗ್ಯ ಸರಿಯಿದೆ ಅನ್ನುವ ಸರ್ಟಿಫಿಕೇಟ್) ಕೊಡುವುದು ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್‌ಎಎ. ಅದರ ಪರವಾಗಿ ತಪಾಸಣೆ ಮಾಡುವ ಡಾಕ್ಟರಿಗೆ ಎಎಂಇ ಅನ್ನುತ್ತಾರೆ. ಅರ್ಜಿದಾರ ಮೊದಲು ಮೆಡ್‌ಎಕ್ಸ್‌ಪ್ರೆಸ್ ಅನ್ನುವ ಜಾಲತಾಣದಲ್ಲಿ ಫಾರ್ಮ್ ತುಂಬುತ್ತಾನೆ. ಅಲ್ಲಿಂದ ಒಂದು ನಂಬರ್ ಸಿಗುತ್ತದೆ, ಅದನ್ನು ಹಿಡಿದುಕೊಂಡು ಎಎಂಇ ಹತ್ತಿರ ಹೋಗುತ್ತಾನೆ. ಡಾಕ್ಟರು ಆ ನಂಬರ್ ಹಾಕಿ ಅರ್ಜಿಯನ್ನು ತೆರೆದ ಕ್ಷಣದಿಂದ ಅದು ಸರ್ಕಾರಿ ದಾಖಲೆ. ಆಮೇಲೆ "ಬೇಡ ಬಿಡಿ, ಇನ್ನೊಂದು ಸಲ ಬರ್ತೀನಿ" ಅನ್ನುವ ಹಾಗಿಲ್ಲ. ಸರ್ಟಿಫಿಕೇಟ್ ಕೊಡಬೇಕು, ಇಲ್ಲ ಅನ್ನಬೇಕು, ಅಥವಾ ಓಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ ವೈದ್ಯಕೀಯ ವಿಭಾಗಕ್ಕೆ ಕಳಿಸಬೇಕು. ಹೀಗೆ ಕಳಿಸುವುದಕ್ಕೆ ಡಿಫರ್ ಮಾಡುವುದು ಅಂತಾರೆ. ಎಡಿಎಚ್‌ಡಿ ಹಿನ್ನೆಲೆ ಇದ್ದು ಕೈಯಲ್ಲಿ ಕಾಗದಪತ್ರ ಇಲ್ಲದಿದ್ದರೆ ಎಎಂಇಗೆ ಬೇರೆ ದಾರಿಯೇ ಇಲ್ಲ, ಡಿಫರ್ ಮಾಡಲೇಬೇಕು.

ಅಲ್ಲಿಂದ ಪತ್ರ ಬರಬಹುದು: ಇಂತಿಂಥ ವರದಿ ಕಳಿಸಿ, ಇಂತಿಷ್ಟು ದಿನದೊಳಗೆ. ಯಾವ ಸೈಕಾಲಜಿಸ್ಟ್, ಯಾವ ಪರೀಕ್ಷೆ, ಹತ್ತು ವರ್ಷದ ಹಿಂದಿನ ದಾಖಲೆ ಎಲ್ಲಿ ಅಂತ ಮನೆಯವರು ಓಡಾಡುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಕೇಳಿದ ದಾಖಲೆ ಬಂದಿಲ್ಲ ಅನ್ನುವ ಕಾರಣಕ್ಕೇ ನಿರಾಕರಣೆ ಪತ್ರ ಬರುತ್ತದೆ. ಈ ಥರದ ಪತ್ರ ಹಿಡಿದುಕೊಂಡು ಬರುವ ಹುಡುಗರನ್ನು ನೋಡಿದಾಗ ನಿಜಕ್ಕೂ ಬೇಜಾರಾಗುತ್ತದೆ. ಅವರು ಹಾರಲು ಲಾಯಕ್ಕಿಲ್ಲ ಅಂತ ಯಾರೂ ತೀರ್ಮಾನ ಮಾಡಿರುವುದಿಲ್ಲ. ಲಾಯಕ್ಕು ಅಂತ ತೋರಿಸುವ ಕಾಗದ ಸಮಯಕ್ಕೆ ಸೇರಿರುವುದಿಲ್ಲ, ಅಷ್ಟೇ.

ನಿರಾಕರಣೆ ಆದರೆ ಆಗಲಿ, ಮತ್ತೆ ಹಾಕಿದರಾಯಿತು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಸ್ಪೋರ್ಟ್ ಪೈಲಟ್ ಅಂತ ಒಂದು ಲೈಸೆನ್ಸ್ ಇದೆ. ಅದರಲ್ಲಿ ಸಣ್ಣ ವಿಮಾನ ಹಾರಿಸಲು ಎಫ್‌ಎಎ ಮೆಡಿಕಲ್ ಬೇಡ, ಕಾರಿನ ಡ್ರೈವಿಂಗ್ ಲೈಸೆನ್ಸ್ ಸಾಕು. ಆದರೆ ಒಂದು ಷರತ್ತು: ಕೊನೆಯ ಸಲ ಮೆಡಿಕಲ್‌ಗೆ ಅರ್ಜಿ ಹಾಕಿದಾಗ ನಿರಾಕರಣೆ ಆಗಿರಬಾರದು. ಅರ್ಜಿಯನ್ನೇ ಹಾಕದವನಿಗೆ ಈ ಬಾಗಿಲು ತೆರೆದಿರುತ್ತದೆ. ಅವಸರದಲ್ಲಿ ಹಾಕಿ ನಿರಾಕರಣೆ ತೆಗೆದುಕೊಂಡವನಿಗೆ ಇದೂ ಮುಚ್ಚುತ್ತದೆ. 2017ರ ಮೇ 1ರಿಂದ ಬಂದ, ಎಫ್‌ಎಎ ಮೆಡಿಕಲ್ ಬದಲು ಸಾಮಾನ್ಯ ಡಾಕ್ಟರ ತಪಾಸಣೆ ಸಾಕು ಅನ್ನುವ ಬೇಸಿಕ್‌ಮೆಡ್ ವ್ಯವಸ್ಥೆಯ ಮಾತನ್ನೂ ಯಾರಾದರೂ ಹೇಳಬಹುದು. ಅದಕ್ಕೆ 2006ರ ಜುಲೈ 14ರ ನಂತರ ಒಮ್ಮೆಯಾದರೂ ಎಫ್‌ಎಎ ಮೆಡಿಕಲ್ ಪಡೆದಿರಬೇಕು, ಹಾಗಾಗಿ ನಿಮ್ಮ ಮಗನ ಉಪಯೋಗಕ್ಕೆ ಬರುವುದಿಲ್ಲ. ಮೆಡಿಕಲ್‌ನಲ್ಲಿ ಮೂರು ದರ್ಜೆ ಇದೆ, ಏರ್‌ಲೈನ್ ಪೈಲಟ್‌ಗೆ ಫಸ್ಟ್ ಕ್ಲಾಸ್, ಖಾಸಗಿಯಾಗಿ ಹಾರಿಸುವವರಿಗೆ ಥರ್ಡ್ ಕ್ಲಾಸ್. "ಫಸ್ಟ್ ಕ್ಲಾಸ್ ಬೇಡ, ಸುಮ್ನೆ ಥರ್ಡ್ ಕ್ಲಾಸ್ ಮೆಡಿಕಲ್ ಹಾಕಿ, ಅದು ಸುಲಭ" ಅನ್ನುವವರೂ ಇದ್ದಾರೆ. ಮಾನಸಿಕ ಆರೋಗ್ಯದ ವಿಷಯದಲ್ಲಿ ಮೂರೂ ಕ್ಲಾಸಿಗೆ ನಿಯಮ ಒಂದೇ.

ಈಗ ಒಂದು ವರ್ಷದ ಲೆಕ್ಕಕ್ಕೆ ಬರೋಣ. 2023ರಲ್ಲಿ ಎಫ್‌ಎಎ ಎಡಿಎಚ್‌ಡಿಗೆ ಎರಡು ದಾರಿ ಮಾಡಿತು. ಒಂದಕ್ಕೆ ಫಾಸ್ಟ್ ಟ್ರ್ಯಾಕ್, ಇನ್ನೊಂದಕ್ಕೆ ಸ್ಟ್ಯಾಂಡರ್ಡ್ ಟ್ರ್ಯಾಕ್ ಅಂತ ಹೆಸರು. ಫಾಸ್ಟ್ ಟ್ರ್ಯಾಕ್‌ಗೆ ಮುಖ್ಯ ಷರತ್ತು 4 ವರ್ಷ. ಕಳೆದ 4 ವರ್ಷದಲ್ಲಿ ಎಡಿಎಚ್‌ಡಿ ಮಾತ್ರೆ ತೆಗೆದುಕೊಂಡಿರಬಾರದು. ಓದು, ಕೆಲಸ, ನಡವಳಿಕೆಯಲ್ಲಿ ಅದರ ತೊಂದರೆ ಕಂಡಿರಬಾರದು. ಖಿನ್ನತೆ, ಆತಂಕದಂಥ ಬೇರೆ ಮಾನಸಿಕ ಕಾಯಿಲೆಯ ಹೆಸರು ದಾಖಲೆಯಲ್ಲಿ ಇರಬಾರದು. ಇಷ್ಟಿದ್ದರೆ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ನ್ಯೂರೋಸೈಕಾಲಜಿಸ್ಟ್ ದಾಖಲೆ ನೋಡಿ, ಹುಡುಗನ ಜೊತೆ ಕೂತು ಮಾತಾಡಿ ವರದಿ ಕೊಡುತ್ತಾರೆ. ಎಲ್ಲವೂ ಸರಿಯಿದ್ದರೆ ಎಎಂಇ ಓಕ್ಲಹೋಮಕ್ಕೆ ಕಳಿಸದೆ ತಾವೇ ಸರ್ಟಿಫಿಕೇಟ್ ಕೊಡಬಹುದು.

ಸ್ಟ್ಯಾಂಡರ್ಡ್ ಟ್ರ್ಯಾಕ್ ಉಳಿದ ಎಲ್ಲರಿಗೂ. ಅಲ್ಲಿ ಎಎಂಇ ಡಿಫರ್ ಮಾಡಲೇಬೇಕು. ಪೈಲಟ್‌ಗಳ ಪರೀಕ್ಷೆಗೆ ಅಂತಲೇ ತರಬೇತಿ ಪಡೆದ ನ್ಯೂರೋಸೈಕಾಲಜಿಸ್ಟ್ ಹತ್ತಿರವೇ ಹೋಗಬೇಕು. ಪರೀಕ್ಷೆಗೆ ಮೊದಲು ಕಡಿಮೆ ಎಂದರೆ 90 ದಿನ ಮಾತ್ರೆ ಬಿಟ್ಟಿರಬೇಕು. ನಿಜವಾಗಿ ಬಿಟ್ಟಿದ್ದಾನೆ ಅನ್ನುವುದಕ್ಕೆ ಮೂತ್ರ ಪರೀಕ್ಷೆಯೂ ಆಗಬೇಕು. ಖರ್ಚು ಸಾವಿರಾರು ಡಾಲರ್, ವಿಮೆಯವರು ಸಾಮಾನ್ಯವಾಗಿ ಕೊಡುವುದಿಲ್ಲ. ಉತ್ತರ ಬರಲು ತಿಂಗಳುಗಟ್ಟಲೆ ಕಾಯಬೇಕು.

ನಿಮ್ಮ ಮಗ 16ರ ಬೇಸಿಗೆಯಲ್ಲಿ ಬಿಟ್ಟ, ಈಗ 19. ಅಂದರೆ ಮೂರು ವರ್ಷ ಆಗಿದೆ. ಈಗ ಹಾಕಿದರೆ ಸ್ಟ್ಯಾಂಡರ್ಡ್ ಟ್ರ್ಯಾಕ್. 4 ವರ್ಷ ತುಂಬಿದ ಮೇಲೆ ಹಾಕಿದರೆ ಫಾಸ್ಟ್ ಟ್ರ್ಯಾಕ್ ಆಗುವ ಸಾಧ್ಯತೆ ಚೆನ್ನಾಗಿದೆ.

ಆದರೆ ಆ "ಬಿಟ್ಟ ದಿನ" ಯಾವುದು? ಇದನ್ನು ನೆನಪಿನ ಮೇಲೆ ಹೇಳಬೇಡಿ. ಮಾತ್ರೆ ತೆಗೆದುಕೊಳ್ಳುತ್ತಿದ್ದ ಔಷಧಿ ಅಂಗಡಿಗೆ ಹೋಗಿ, ಮೊದಲಿಂದ ಕೊನೆಯವರೆಗಿನ ಪಟ್ಟಿ ಕೇಳಿ. ಕಾನ್ಸರ್ಟಾ ಅಮೆರಿಕದಲ್ಲಿ ಬಿಗಿ ನಿಯಂತ್ರಣದ ಔಷಧಿ, ಶೆಡ್ಯೂಲ್ 2. ಪ್ರತಿ ಸಲ ಕೊಟ್ಟ ತಾರೀಖು, ಎಷ್ಟು ಮಾತ್ರೆ, ಎಷ್ಟು ಮಿಲಿಗ್ರಾಂ ಎಲ್ಲವೂ ಅಲ್ಲಿರುತ್ತದೆ. ಎಷ್ಟೋ ಮನೆಗಳಲ್ಲಿ ಇಲ್ಲಿ ಒಂದು ಅಚ್ಚರಿ ಕಾದಿರುತ್ತದೆ. ಹುಡುಗ ಜೂನ್‌ನಲ್ಲಿ ಬಿಟ್ಟೆ ಅಂತಾನೆ. ಪಟ್ಟಿಯಲ್ಲಿ ನೋಡಿದರೆ ಅಕ್ಟೋಬರ್‌ನಲ್ಲಿ ಒಂದು ಡಬ್ಬಿ ಕೊಟ್ಟಿರುತ್ತಾರೆ. ಎಲ್ಲಾದರೂ ಮತ್ತೆ ಬೇಕಾದೀತು ಅಂತ ತಾಯಿ ತಂದಿಟ್ಟಿರುತ್ತಾರೆ, ಅವನು ಮುಟ್ಟಿರುವುದೇ ಇಲ್ಲ. ಆದರೆ ಓದುವವರಿಗೆ ಕಾಣುವುದು ಅಕ್ಟೋಬರ್. ಇಂಥದ್ದಿದ್ದರೆ ಅದನ್ನು ಮೊದಲೇ ಗೊತ್ತುಮಾಡಿಕೊಂಡು, ಏನಾಯಿತು ಅಂತ ಅವನು ಬರೆದುಕೊಡುವ ಹೇಳಿಕೆಯಲ್ಲಿ ಸೇರಿಸಬೇಕು.

ಡಾಕ್ಟರ ಫೈಲಿನಲ್ಲೂ ಇದೇ ಕಥೆ. ಜ್ವರಕ್ಕೋ ಲಸಿಕೆಗೋ ಹೋದಾಗ ಕಂಪ್ಯೂಟರ್ ಹಳೆಯ ಪಟ್ಟಿಯನ್ನೇ ಮುಂದಕ್ಕೆ ಎಳೆದಿರುತ್ತದೆ. "ಎಡಿಎಚ್‌ಡಿ, ಕಾನ್ಸರ್ಟಾ 36 ಮಿಲಿಗ್ರಾಂ, ಮುಂದುವರಿಸಿ" ಅಂತ 18ನೇ ವಯಸ್ಸಿನ ಭೇಟಿಯಲ್ಲೂ ಬರೆದಿರುತ್ತದೆ. ಹಳೆಯದನ್ನು ಅಳಿಸಿ ಅಂತ ಕೇಳಬೇಡಿ, ಅಳಿಸಲೂಬಾರದು. ಡಾಕ್ಟರ ಜೊತೆ ಮಾತಾಡಿ, ಮಾತ್ರೆ ನಿಂತದ್ದು ಯಾವಾಗ, ಆಮೇಲೆ ಹುಡುಗ ಹೇಗಿದ್ದಾನೆ ಅಂತ ಇವತ್ತಿನ ತಾರೀಖು ಹಾಕಿ ಹೊಸ ಟಿಪ್ಪಣಿ ಬರೆಸಿ.

ಇನ್ನೊಂದು ಪ್ರಶ್ನೆಯನ್ನು ಮಗನನ್ನು ಒಬ್ಬನನ್ನೇ ಕೂರಿಸಿಕೊಂಡು, ಗದರದೆ ಕೇಳಿ. ಬಿಟ್ಟ ಮೇಲೆ ಪರೀಕ್ಷೆಯ ಹಿಂದಿನ ರಾತ್ರಿ ಅಂತ ಒಂದೆರಡು ನುಂಗಿದ್ದಾನಾ? ಹಳೆಯ ಡಬ್ಬಿಯಿಂದ? ಅಥವಾ ಹಾಸ್ಟೆಲಿನಲ್ಲಿ ಗೆಳೆಯ ಕೊಟ್ಟ ಆಡೆರಾಲ್ ಅನ್ನುವ ಇಂಥದ್ದೇ ಮಾತ್ರೆ? ಅಮೆರಿಕದ ಕಾಲೇಜುಗಳಲ್ಲಿ ಇದು ತೀರಾ ಸಾಮಾನ್ಯ, ಹುಡುಗರಿಗೆ ಅದು ಕಾಫಿ ಕುಡಿದಷ್ಟೇ ಹಗುರ. ಆದರೆ 4 ವರ್ಷದ ಎಣಿಕೆ ಕೊನೆಯ ಮಾತ್ರೆಯಿಂದ ಶುರು. ಬೇರೆಯವರ ಹೆಸರಿನ ಮಾತ್ರೆ ಆದರೆ ಅದು ಮಾದಕ ವಸ್ತುವಿನ ಪ್ರಶ್ನೆಯೂ ಆಗುತ್ತದೆ. ಹಾಗೇನಾದರೂ ಆಗಿದ್ದರೆ ಈಗಲೇ ಗೊತ್ತಾಗಲಿ, ಲೆಕ್ಕವನ್ನು ಅದಕ್ಕೆ ತಕ್ಕಂತೆ ಹಾಕೋಣ.

ಶಾಲೆಯ ದಾಖಲೆಯೂ ಬೇಕು. ಅವನಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಕ್ಕಿದ್ದು 504 ಪ್ಲ್ಯಾನ್ ಅನ್ನುವ ವ್ಯವಸ್ಥೆಯಲ್ಲಿ ಇರಬೇಕು. ಅದು ಯಾವಾಗ ನಿಂತಿತು ಅಂತ ನೋಡಿ. ಮಾತ್ರೆ 16ಕ್ಕೆ ನಿಂತು, ಹೆಚ್ಚುವರಿ ಸಮಯ ಮಾತ್ರ 18ರವರೆಗೂ ನಡೆದಿದ್ದರೆ "4 ವರ್ಷದಿಂದ ಏನೂ ತೊಂದರೆ ಇಲ್ಲ" ಅನ್ನುವ ಮಾತು ಬಲ ಕಳೆದುಕೊಳ್ಳುತ್ತದೆ. ಕಾಲೇಜಿನಲ್ಲಿ ಈಗ ಅವನಿಗೆ ಆ ನೆರವು ನಿಜವಾಗಿ ಬೇಕಾದರೆ ತೆಗೆದುಕೊಳ್ಳಲಿ, ಓದು ಕೆಡಿಸಿಕೊಳ್ಳುವುದು ಬೇಡ. ಅದು ಲೆಕ್ಕಕ್ಕೆ ಬರುತ್ತದೆ ಅನ್ನುವುದು ಮಾತ್ರ ಗೊತ್ತಿರಲಿ. ಶಾಲೆ, ಕಾಲೇಜಿನ ಅಂಕಪಟ್ಟಿ, ಅವನು ವಾಸವಿದ್ದ ರಾಜ್ಯಗಳ ಡ್ರೈವಿಂಗ್ ದಾಖಲೆ, ಇವೂ ಇರಲಿ. ಮಾತ್ರೆ ಬಿಟ್ಟ ಮೇಲೆ ಅಂಕ ಇಳಿಯದೆ ನಿಂತಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಡ.

ಈಗ ಆ ಪರಿಚಯದ ಪೈಲಟ್ ಹೇಳಿದ್ದರ ಬಗ್ಗೆ. ಫಾರ್ಮಿನಲ್ಲಿ 18ನೇ ಪ್ರಶ್ನೆ ಆರೋಗ್ಯದ ಇತಿಹಾಸಕ್ಕೆ ಸೇರಿದ್ದು. ಅಲ್ಲಿ ಕೇಳುವುದು "ಈಗ ಇದೆಯಾ" ಅಂತ ಅಲ್ಲ. ನಿಮ್ಮ ಜೀವಮಾನದಲ್ಲಿ ಯಾವಾಗಲಾದರೂ ಈ ಕಾಯಿಲೆ ಇದೆ ಅಂತ ವೈದ್ಯರು ಹೇಳಿದ್ದಾರಾ, ನಿಮಗೆ ಇತ್ತಾ, ಈಗ ಇದೆಯಾ ಅಂತ. ಎಂಟನೇ ವಯಸ್ಸಿನಲ್ಲಿ ಮಕ್ಕಳ ಡಾಕ್ಟರು ಹೇಳಿದ್ದೂ ಇದರೊಳಗೆ ಬಂತು. ಚಿಕ್ಕಂದಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಿ, ಈಗ ಅಮೆರಿಕಕ್ಕೆ ಫ್ಲೈಯಿಂಗ್ ಕಲಿಯಲು ಹೊರಟ ಹುಡುಗನಿಗೂ ಇದೇ ಪ್ರಶ್ನೆ, ಇದೇ ಉತ್ತರ.

ಬರೆಯದೆ ಬಿಟ್ಟರೆ ಏನಾಗುತ್ತದೆ ಅನ್ನುವುದು ಅದೇ ಫಾರ್ಮಿನಲ್ಲೇ ಅಚ್ಚಾಗಿದೆ. ಸುಳ್ಳು ಮಾಹಿತಿ ಕೊಡುವುದು ಫೆಡರಲ್ ಅಪರಾಧ, 2,50,000 ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಜೈಲು. ಜೈಲಿಗೆ ಹೋಗುವವರು ಕಡಿಮೆ, ನಿಜ. ಆದರೆ ಇದು ಸಿಕ್ಕಿಬಿದ್ದಾಗ ಎಫ್‌ಎಎ ಮೆಡಿಕಲ್ ಒಂದನ್ನೇ ಅಲ್ಲ, ಕಷ್ಟಪಟ್ಟು ಗಳಿಸಿದ ಎಲ್ಲ ಲೈಸೆನ್ಸುಗಳನ್ನೂ ಕಿತ್ತುಕೊಳ್ಳಬಹುದು. ಸಿಕ್ಕಿಬೀಳುವುದಿಲ್ಲ ಅನ್ನುವ ಧೈರ್ಯವೂ ಬೇಡ. 2023ರಲ್ಲಿ ಸುಮಾರು 4,800 ಪೈಲಟ್‌ಗಳ ಮೇಲೆ ಎಫ್‌ಎಎ ತನಿಖೆ ನಡೆಸಿದ ಸುದ್ದಿ ಹೊರಬಂತು. ಅವರೆಲ್ಲ ಮಾಜಿ ಸೈನಿಕರು. ಒಂದು ಸರ್ಕಾರಿ ಇಲಾಖೆಯಿಂದ ಕಾಯಿಲೆಯ ಹೆಸರಿನಲ್ಲಿ ಪಿಂಚಣಿ ಪಡೆಯುತ್ತಾ, ಇನ್ನೊಂದು ಇಲಾಖೆಯ ಮೆಡಿಕಲ್ ಫಾರ್ಮಿನಲ್ಲಿ ಆ ಕಾಯಿಲೆಯನ್ನು ಬರೆದಿರಲಿಲ್ಲ ಅನ್ನುವುದು ಅವರ ಮೇಲಿದ್ದ ಅನುಮಾನ. ಎರಡು ಪಟ್ಟಿಗಳನ್ನು ಪಕ್ಕದಲ್ಲಿಟ್ಟು ನೋಡಿದ್ದು, ಅಷ್ಟೇ. ನಿಮ್ಮ ಮಗನ ಮುಂದೆ ನಲವತ್ತು ವರ್ಷದ ವೃತ್ತಿ ಇದೆ. ಅಷ್ಟು ವರ್ಷ ಯಾವ ಪಟ್ಟಿ ಯಾವುದರ ಪಕ್ಕಕ್ಕೆ ಬರುತ್ತದೋ ಅಂತ ಹೆದರಿಕೊಂಡು ಹಾರಬೇಕಾ?

ಇನ್ನೊಂದು ವಿಷಯ. ಅವನಿಗೆ 19, ಫಾರ್ಮಿನ ಕೆಳಗೆ ಸಹಿ ಮಾಡುವವನು ಅವನು. ದೊಡ್ಡವರು "ಬಿಡು, ಬರೀಬೇಡ" ಅಂದರೆ ಹುಡುಗ ಕೇಳುತ್ತಾನೆ. ನಾಳೆ ಉತ್ತರ ಕೊಡಬೇಕಾದವನು ಮಾತ್ರ ಅವನೊಬ್ಬನೇ. ದಯವಿಟ್ಟು ಆ ಸಲಹೆ ಮನೆಯಲ್ಲಿ ಬೇಡ.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಅಂತ ನಿಮಗೆ ಸಿಟ್ಟು ಬಂದಿರಬಹುದು. ನನಗೆ ಈ ನಿಯಮದ ಮೇಲೆ ತಕರಾರಿದೆ, ಅದನ್ನು ಆಮೇಲೆ ಹೇಳುತ್ತೇನೆ. ಆದರೆ ಅದರ ಹಿಂದಿರುವ ಭಯ ಸುಳ್ಳಲ್ಲ. 1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ಫ್ಲೈಟ್ ಮಯಾಮಿಯಲ್ಲಿ ಇಳಿಯಬೇಕಿತ್ತು. ಮೂತಿಯ ಚಕ್ರ ಕೆಳಗಿಳಿದಿದೆ ಅಂತ ತೋರಿಸುವ ಸಣ್ಣ ದೀಪ ಹತ್ತಲಿಲ್ಲ. ಕಾಕ್‌ಪಿಟ್‌ನಲ್ಲಿದ್ದ ಎಲ್ಲರ ಗಮನವೂ ಆ ದೀಪದ ಮೇಲೆ ಹೋಯಿತು. ಆಟೋಪೈಲಟ್ ಎತ್ತರ ಹಿಡಿಯುವುದನ್ನು ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ. ವಿಮಾನ ಮೆಲ್ಲಗೆ ಇಳಿಯುತ್ತಾ ಹೋಗಿ ಎವರ್‌ಗ್ಲೇಡ್ಸ್ ಜೌಗಿಗೆ ಬಿತ್ತು. ಸುಮಾರು ನೂರು ಜನ ಸತ್ತರು. ಅವರೆಲ್ಲ ನುರಿತ ಪೈಲಟ್‌ಗಳು, ಯಾರಿಗೂ ಎಡಿಎಚ್‌ಡಿ ಇತ್ತು ಅಂತ ಹೇಳುತ್ತಿಲ್ಲ. ಗಮನ ಚೆನ್ನಾಗಿರುವವರಿಗೇ ಹೀಗಾಗುತ್ತದೆ. ಗಮನದ ತೊಂದರೆ ಇರುವವರನ್ನು ಎರಡು ಸಲ ಪರೀಕ್ಷಿಸಿ ಕೂರಿಸಬೇಕು ಅನ್ನುವುದು ನ್ಯಾಯವೇ ಅಲ್ವಾ?

ಸ್ಟ್ಯಾಂಡರ್ಡ್ ಟ್ರ್ಯಾಕ್‌ನಲ್ಲಿ ಕಾಗ್‌ಸ್ಕ್ರೀನ್ ಅಂತ ಒಂದು ಕಂಪ್ಯೂಟರ್ ಪರೀಕ್ಷೆ ಇದೆ, ಪೈಲಟ್‌ಗಳಿಗಾಗಿಯೇ ಮಾಡಿದ್ದು. ಅದರ ಒಂದು ಭಾಗವನ್ನು ಕೇಳಿದರೆ ಈ ಭಯ ಏನು ಅಂತ ಅರ್ಥವಾಗುತ್ತದೆ. ಪರದೆಯ ಮೇಲೆ ಒಂದು ಗುರುತು ಆಕಡೆ ಈಕಡೆ ಜಾರುತ್ತಿರುತ್ತದೆ, ಅದನ್ನು ಕೀಲಿ ಒತ್ತಿ ನಡುವಿನಲ್ಲಿ ಹಿಡಿದಿಡಬೇಕು. ಅದೇ ಹೊತ್ತಿಗೆ ಒಂದೊಂದೇ ಅಂಕಿ ಬಂದು ಹೋಗುತ್ತದೆ. ಈಗ ಕಾಣುತ್ತಿರುವ ಅಂಕಿಯನ್ನಲ್ಲ, ಅದರ ಹಿಂದಿನದನ್ನು ಒತ್ತಬೇಕು. ಗುರುತಿನ ಮೇಲೆ ಮನಸ್ಸಿಟ್ಟರೆ ಅಂಕಿ ಮರೆತುಹೋಗುತ್ತದೆ, ಅಂಕಿ ಹಿಡಿದರೆ ಗುರುತು ಜಾರುತ್ತದೆ. ವಿಮಾನ ಇಳಿಸುವಾಗಲೂ ಹೀಗೇ. ಕೈ ವಿಮಾನವನ್ನು ಹಿಡಿದಿರುತ್ತದೆ, ಕಂಟ್ರೋಲರ್ ಹೊಸ ಎತ್ತರ ಹೇಳುತ್ತಾರೆ, ಚೆಕ್‌ಲಿಸ್ಟ್ ಅರ್ಧಕ್ಕೆ ನಿಂತಿರುತ್ತದೆ. ನಿಂತದ್ದು ಎಲ್ಲಿ ಅನ್ನುವುದು ತಲೆಯಲ್ಲಿ ಉಳಿಯಬೇಕು. ಈ ಪರೀಕ್ಷೆಗೆ ಅಭ್ಯಾಸ ಮಾಡಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಮೊದಲ ಸಲ ಕೂತಾಗ ಬರುವ ಅಂಕಕ್ಕೇ ಬೆಲೆ. ನಿದ್ದೆ ಸರಿಯಾಗಿ ಮಾಡಿ, ತಿಂಡಿ ತಿಂದು ಹೋದರೆ ಸಾಕು.

ಮಾತ್ರೆಯನ್ನೇ ತೆಗೆದುಕೊಂಡು ಚೆನ್ನಾಗಿ ಹಾರಿಸಿದರೆ ಆಗದೇ ಅಂತಲೂ ಕೇಳುತ್ತಾರೆ. ಎಫ್‌ಎಎ ಒಪ್ಪುವುದಿಲ್ಲ. ಕಾನ್ಸರ್ಟಾ, ರಿಟಾಲಿನ್, ಆಡೆರಾಲ್ ಯಾವುದಕ್ಕೂ ಅನುಮತಿ ಇಲ್ಲ, ಸ್ಟಿಮ್ಯುಲೆಂಟ್ (ಉತ್ತೇಜಕ) ಅಲ್ಲದ ಸ್ಟ್ರಾಟೆರಾಕ್ಕೂ ಇಲ್ಲ. ಸ್ಟಿಮ್ಯುಲೆಂಟ್‌ಗಳು ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತವೆ. ಇಳಿಯುವ ಹೊತ್ತಿಗೆ ಕೆಲವರಿಗೆ ಗಮನ ಮೊದಲಿಗಿಂತ ಜಾಸ್ತಿ ಚದುರುತ್ತದೆ. ದಣಿವು ಗೊತ್ತಾಗದ ಹಾಗೆಯೂ ಮಾಡುತ್ತವೆ, ಪೈಲಟ್‌ಗೆ ತನ್ನ ದಣಿವು ಗೊತ್ತಾಗಲೇಬೇಕು. ವಿಮಾನ ತಡವಾಗಿ, ಬೇರೆ ಊರಿಗೆ ತಿರುಗಿ, ಹದಿನಾಲ್ಕನೇ ಗಂಟೆಯಲ್ಲಿ ಇಳಿಸಬೇಕಾದಾಗ ಬೆಳಗಿನ ಮಾತ್ರೆ ಎಲ್ಲಿರುತ್ತದೆ? ಇದು ಎಫ್‌ಎಎ ವಾದ, ಇದರಲ್ಲಿ ಹುರುಳಿದೆ.

ನನ್ನ ತಕರಾರು ಬೇರೆ ಕಡೆ ಇದೆ. ಅಮೆರಿಕದ ಸರ್ಕಾರಿ ಲೆಕ್ಕದಲ್ಲೇ, 2022ರ ಸಮೀಕ್ಷೆಯಂತೆ, 3ರಿಂದ 17 ವರ್ಷದೊಳಗಿನ ಮಕ್ಕಳಲ್ಲಿ ಶೇ. 11.4ರಷ್ಟು, ಅಂದರೆ ಸುಮಾರು 70 ಲಕ್ಷ ಮಕ್ಕಳಿಗೆ ಯಾವಾಗಲಾದರೂ ಎಡಿಎಚ್‌ಡಿ ಅಂತ ಹೇಳಲಾಗಿದೆ. ಇವರಲ್ಲಿ ನಿಜವಾದ ತೊಂದರೆ ಇರುವವರು ಬಹಳ ಇದ್ದಾರೆ, ಅವರಿಗೆ ಚಿಕಿತ್ಸೆ ಸಿಕ್ಕಿದ್ದು ಒಳ್ಳೆಯದೇ. ಹಾಗೆಯೇ ಟೀಚರ್ ತುಂಬಿದ ಒಂದು ಪ್ರಶ್ನಾವಳಿ, ಡಾಕ್ಟರ ಹತ್ತಿರ ಒಂದು ಸಣ್ಣ ಭೇಟಿ, ಇಷ್ಟರಲ್ಲೇ ಹೆಸರು ಅಂಟಿಸಿಕೊಂಡ ಮಕ್ಕಳೂ ಇದ್ದಾರೆ. ಇಬ್ಬರಿಗೂ ಹತ್ತು ವರ್ಷದ ಮೇಲೆ ಒಂದೇ ಜರಡಿ. ಆ ಜರಡಿಯಿಂದ ಹೊರಬರಲು ದುಡ್ಡಿರಬೇಕು, ಕಾಯುವ ಶಕ್ತಿ ಇರಬೇಕು. ಇಲ್ಲದವರು ಒಂದೋ ಕನಸು ಬಿಡುತ್ತಾರೆ, ಇಲ್ಲವೇ ಮುಚ್ಚಿಡುತ್ತಾರೆ. ಮುಚ್ಚಿಡುವುದನ್ನು ಕಲಿಸುವ ನಿಯಮ ವಿಮಾನಕ್ಕೂ ಒಳ್ಳೆಯದಲ್ಲ. ಪೈಲಟ್‌ಗಳ ಮಾನಸಿಕ ಆರೋಗ್ಯದ ನಿಯಮಗಳನ್ನು ನೋಡಲು 2023ರ ಡಿಸೆಂಬರ್‌ನಲ್ಲಿ ಎಫ್‌ಎಎ ನೇಮಿಸಿದ ಸಮಿತಿ 2024ರಲ್ಲಿ 24 ಶಿಫಾರಸು ಕೊಟ್ಟಿತು. ಪೈಲಟ್‌ಗಳು ಹೆದರದೆ ಹೇಳಿಕೊಳ್ಳುವ ಹಾಗಿರಬೇಕು ಅನ್ನುವುದು ಅದರ ಜೀವಾಳ. ಫಾಸ್ಟ್ ಟ್ರ್ಯಾಕ್ ಬಂದದ್ದೂ ಒಳ್ಳೆಯ ಹೆಜ್ಜೆಯೇ. ಇನ್ನೂ ದೂರ ಹೋಗಬೇಕು.

ಈ ಒಂದು ವರ್ಷ ಮಗ ಕೈಕಟ್ಟಿ ಕೂರಬೇಕಾಗಿಲ್ಲ. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದರೆ ವಿಮಾನ ಹಾರಿಸಲು ಮೆಡಿಕಲ್ ಬೇಡ. ಅದು ಬೇಕಾಗುವುದು ಒಬ್ಬನೇ ಹಾರುವಾಗ, ಸೋಲೋಗೆ. ಗ್ರೌಂಡ್ ಸ್ಕೂಲ್, ಅಂದರೆ ತರಗತಿಯ ಪಾಠ ಮಾಡಬಹುದು, ಲಿಖಿತ ಪರೀಕ್ಷೆಯನ್ನೂ ಬರೆಯಬಹುದು. ಅದರ ಫಲಿತಾಂಶ 24 ತಿಂಗಳು ನಡೆಯುತ್ತದೆ, ಹಾಗಾಗಿ ವರ್ಷದ ಕೊನೆಗೆ ಬರೆದರೆ ಜಾಣತನ. ತಿಂಗಳಿಗೆ ಒಂದೆರಡು ಸಲ ಇನ್‌ಸ್ಟ್ರಕ್ಟರ್ ಜೊತೆ ಹಾರಲಿ. ಈ ಹಾರಾಟದಿಂದ ಇನ್ನೊಂದು ಲಾಭವೂ ಇದೆ. ಇನ್‌ಸ್ಟ್ರಕ್ಟರ್‌ಗೆ ವಿಷಯ ಹೇಳಿ, ಅವನು ಚೆಕ್‌ಲಿಸ್ಟ್ ತಪ್ಪಿಸುತ್ತಾನಾ, ರೇಡಿಯೋದಲ್ಲಿ ಹೇಳಿದ್ದು ಮರೆಯುತ್ತಾನಾ ಅಂತ ನೋಡಲು ಕೇಳಿ. ಅಲ್ಲಿ ತೊಂದರೆ ಕಂಡರೆ ಸಾವಿರಾರು ಡಾಲರ್ ಪರೀಕ್ಷೆಗಿಂತ ಮೊದಲೇ ನಿಮಗೆ ಗೊತ್ತಾಗುತ್ತದೆ. ಆಮೇಲೆ ಒಬ್ಬ ಎಎಂಇಯನ್ನು ಹುಡುಕಿ, ಅರ್ಜಿ ತುಂಬದೆ, ಬರೀ ಸಲಹೆಗೆ ಅಂತ ಸಮಯ ತೆಗೆದುಕೊಳ್ಳಿ. ಎಡಿಎಚ್‌ಡಿ ಕೇಸುಗಳನ್ನು ನೋಡಿದವರೇ ಆಗಿರಲಿ. ಫೋನಿನಲ್ಲಿ "ಫಾಸ್ಟ್ ಟ್ರ್ಯಾಕ್ ಮಾಡಿದ್ದೀರಾ" ಅಂತ ಕೇಳಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಕಾಗದಪತ್ರ, ಸೈಕಾಲಜಿಸ್ಟ್ ವರದಿ ಎಲ್ಲ ಕೈಗೆ ಬಂದ ಮೇಲೆ ಮೆಡ್‌ಎಕ್ಸ್‌ಪ್ರೆಸ್. ಏರ್‌ಲೈನ್ ಗುರಿ ಇರುವುದರಿಂದ ಫಸ್ಟ್ ಕ್ಲಾಸ್‌ಗೇ ಹಾಕಲಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯ ಇದೆ. ಈ ನಾಲ್ಕು ವರ್ಷದ ಲೆಕ್ಕ ತುಂಬಿಸಲು ಅವನು ಒದ್ದಾಡುತ್ತಿದ್ದಾನಾ? ಓದು ಹಿಂದೆ ಬಿದ್ದಿದೆಯಾ? ಕಾರು ಓಡಿಸುವಾಗ ಸಣ್ಣಪುಟ್ಟ ತಾಗಿಸಿಕೊಂಡಿದ್ದಾನಾ? ಹಾಗಿದ್ದರೆ ಡಾಕ್ಟರ ಹತ್ತಿರ ಹೋಗಿ, ಬೇಕಾದರೆ ಮಾತ್ರೆ ಮತ್ತೆ ಶುರುವಾಗಲಿ. ಎಡಿಎಚ್‌ಡಿ ಇದ್ದೂ ಚಿಕಿತ್ಸೆ ಇಲ್ಲದವರಿಗೆ ರಸ್ತೆ ಅಪಘಾತದ ಅಪಾಯ ಹೆಚ್ಚು, ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಮೆಡಿಕಲ್ ಸಿಗಲಿ ಅಂತ ಬೇಕಾದ ಔಷಧಿಯನ್ನು ನಿಲ್ಲಿಸುವುದಕ್ಕೆ ನಾನು ಎಂದಿಗೂ ಹೂಂ ಅನ್ನುವುದಿಲ್ಲ. ನಿಮ್ಮ ಪತ್ರ ಓದಿದರೆ ಅವನು ಹಾಗಿಲ್ಲ ಅನಿಸುತ್ತದೆ. ಆದರೂ ಅವನ ಬಾಯಿಂದಲೇ ಕೇಳಿ.

ಬೆಂಗಳೂರಿನ ಮಾತಿಗೆ ಬರೋಣ. ಭಾರತದಲ್ಲಿ ಎಫ್‌ಎಎ ಥರದ ಸರ್ಕಾರಿ ಸಂಸ್ಥೆ ಡಿಜಿಸಿಎ ಇದೆ. ವೃತ್ತಿ ಪೈಲಟ್‌ಗೆ ಬೇಕಾದ ಕ್ಲಾಸ್ 1 ಮೆಡಿಕಲ್ ಮಾಡುವ ಮುಖ್ಯ ಜಾಗಗಳಲ್ಲಿ ಒಂದು ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್. ಅಲ್ಲಿಗೆ ಹೋದರೆ ಈ ಪ್ರಶ್ನೆ ಕೇಳುವುದಿಲ್ಲ ಅಂತ ಯಾರೋ ತಪ್ಪು ಹೇಳಿದ್ದಾರೆ. ಎರಡೂ ದೇಶಗಳು ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಕಾವೊದ ಸದಸ್ಯರು. ಅದರ ಅನೆಕ್ಸ್ 1ರಲ್ಲಿ ಪೈಲಟ್‌ಗೆ ಅಡ್ಡಿಯಾಗಬಹುದಾದ ಮಾನಸಿಕ ತೊಂದರೆಗಳ ಪಟ್ಟಿ ಇದೆ. ಬಾಲ್ಯದಲ್ಲೋ ಹದಿಹರೆಯದಲ್ಲೋ ಶುರುವಾಗುವ ವರ್ತನೆಯ ತೊಂದರೆಗಳು ಆ ಪಟ್ಟಿಯಲ್ಲೇ ಇವೆ, ಎಡಿಎಚ್‌ಡಿ ಬರುವುದು ಅಲ್ಲೇ. ಸುರಕ್ಷಿತವಾಗಿ ಹಾರಿಸಲು ಅದು ಅಡ್ಡಿಯಾಗುತ್ತದೆಯೇ ಅಂತ ನೋಡಬೇಕು ಅನ್ನುತ್ತದೆ ನಿಯಮ. ಅಲ್ಲೂ ಹಿಂದಿನ ಕಾಯಿಲೆಗಳನ್ನು ಕೇಳುತ್ತಾರೆ, ಅಲ್ಲೂ ಸಹಿ ಹಾಕಬೇಕು. ಒಂದು ದೇಶದಲ್ಲಿ ಇದೆ ಅಂತ, ಇನ್ನೊಂದರಲ್ಲಿ ಇಲ್ಲ ಅಂತ ಬರೆದ ಎರಡು ಫಾರ್ಮ್ ಅವನ ಹೆಸರಿನಲ್ಲಿ ಉಳಿಯುವುದು ಬೇಡ. ಅವನ ಓದು, ಶಾಲೆಯ ದಾಖಲೆ, ಡಾಕ್ಟರು ಎಲ್ಲ ಟೆಕ್ಸಸ್‌ನಲ್ಲಿರುವಾಗ ಅಲ್ಲೇ ಮಾಡಿಸುವುದು ಸುಲಭವೂ ಹೌದು.

ಎಲ್ಲ ಮಾಡಿಯೂ ನಿರಾಕರಣೆ ಬಂದರೆ? ಎಎಂಇ ನಿರಾಕರಿಸಿದರೆ 30 ದಿನದೊಳಗೆ ಎಫ್‌ಎಎ ಮುಖ್ಯ ವೈದ್ಯರಾದ ಫೆಡರಲ್ ಏರ್ ಸರ್ಜನ್‌ಗೆ ಮರುಪರಿಶೀಲನೆ ಕೇಳಬಹುದು. ಎಫ್‌ಎಎ ಅಂತಿಮವಾಗಿ ಇಲ್ಲ ಅಂದರೆ 60 ದಿನದೊಳಗೆ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಗೆ (ಎನ್‌ಟಿಎಸ್‌ಬಿ) ಮೇಲ್ಮನವಿ ಹೋಗಬಹುದು. ಆ ಹಂತಕ್ಕೆ ಬಂದರೆ ವಿಮಾನಯಾನ ಕಾನೂನು ಗೊತ್ತಿರುವ ವಕೀಲರು ಬೇಕು. ನಿಯಮದಲ್ಲಿ ಸ್ಪೆಷಲ್ ಇಶ್ಯೂಯೆನ್ಸ್ ಅನ್ನುವ ವಿಶೇಷ ಅನುಮತಿಯೂ ಇದೆ, ಅವಧಿ ಹಾಕಿ, ಷರತ್ತು ಹಾಕಿ ಕೊಡುವಂಥದ್ದು. ವಿಮಾನದ ಲೋಕದಲ್ಲೇ ಇರಬೇಕು ಅನ್ನುವ ಆಸೆ ಇದ್ದರೆ ಡಿಸ್ಪ್ಯಾಚರ್ ಕೆಲಸವನ್ನೂ ಅವನಿಗೆ ತೋರಿಸಿ. ಅಮೆರಿಕದ ಏರ್‌ಲೈನ್‌ಗಳಲ್ಲಿ ಫ್ಲೈಟ್‌ನ ಯೋಜನೆ, ಇಂಧನ, ಹವಾಮಾನದ ಜವಾಬ್ದಾರಿಯನ್ನು ಕ್ಯಾಪ್ಟನ್ ಜೊತೆ ಸಮನಾಗಿ ಹೊರುವವರು ಅವರು. ಅದಕ್ಕೆ ಎಫ್‌ಎಎ ಮೆಡಿಕಲ್ ಬೇಡ, 21ಕ್ಕೆ ಪರೀಕ್ಷೆ ಬರೆಯಬಹುದು, 23ಕ್ಕೆ ಸರ್ಟಿಫಿಕೇಟ್ ಸಿಗುತ್ತದೆ. ಏರ್ ಟ್ರಾಫಿಕ್ ಕಂಟ್ರೋಲರ್ ಆಗಲು ಮಾತ್ರ ಮೆಡಿಕಲ್ ಬೇಕು, ಅಲ್ಲೂ ಇದೇ ಎಡಿಎಚ್‌ಡಿ ಪ್ರಶ್ನೆ ಎದುರಾಗುತ್ತದೆ.

ಸದ್ಯಕ್ಕೆ ಔಷಧಿ ಅಂಗಡಿಯ ಪಟ್ಟಿ ತರಿಸಿಕೊಳ್ಳಿ. ಕೊನೆಯ ತಾರೀಖು ನೋಡಿ, ಅದಕ್ಕೆ 4 ವರ್ಷ ಸೇರಿಸಿ, ಆ ದಿನದ ನಂತರಕ್ಕೆ ಎಎಂಇ ಭೇಟಿ ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಗೊಂದಲ ಕಂಡರೆ ಮತ್ತೆ ಬರೆಯಿರಿ.